ನಲವತ್ತು ಜನರ ಮದುವೆಗೆ ಎಂಥ ಛಾಯಾಗ್ರಾಹಕರು ಬೇಕು?

ಪ್ರಶ್ನೆ: ನಮ್ಮ ಮದುವೆಗೆ 40 ಜನರನ್ನಷ್ಟೇ ಕರೆಯಬೇಕೆಂದು ತೀರ್ಮಾನಿಸಿದ್ದೇವೆ. ಜಾಗ ಚಿಕ್ಕದು, ಸಂಜೆಯ ಹೊತ್ತು, ಬಹುಪಾಲು ಎಲ್ಲವೂ ಒಳಗಡೆಯೇ ನಡೆಯುತ್ತದೆ. ಮೂರು ಕಡೆ ವಿಚಾರಿಸಿದ್ದೇವೆ. ಮೊದಲನೆಯವರ ಚಿತ್ರಗಳು ಸೂರ್ಯಾಸ್ತದ ಬೆಳಕಿನಲ್ಲಿ ಕನಸಿನ ಹಾಗಿವೆ. ಎರಡನೆಯದು ಒಂದು ಸ್ಟುಡಿಯೊ: ಇಬ್ಬರು ಛಾಯಾಗ್ರಾಹಕರು, ಒಂದು ಡ್ರೋನ್, 12 ಗಂಟೆ ಕೆಲಸ. ಮೂರನೆಯವರು ಒಬ್ಬರೇ ಕೆಲಸ ಮಾಡುವ ಮಹಿಳೆ. ತೋರಿಸಿದ ಚಿತ್ರಗಳೂ ಕಡಿಮೆ, ಮಾತೂ ಕಡಿಮೆ. ಚಿಕ್ಕಪ್ಪನ ಮಗನ ಹತ್ತಿರ ಒಳ್ಳೆಯ ಕ್ಯಾಮೆರಾ ಇದೆ, ಇಷ್ಟು ಚಿಕ್ಕ ಮದುವೆಗೆ ಅವನೇ ಸಾಕು ಎಂದು ಮನೆಯವರ ಅಭಿಪ್ರಾಯ. ನಮ್ಮಿಬ್ಬರಿಗೂ ಕ್ಯಾಮೆರಾ ಎಂದರೆ ಸಂಕೋಚ. ಯಾರನ್ನು ಆರಿಸಬೇಕು, ಆ ದಿನವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ: ‘ಇಷ್ಟು ಚಿಕ್ಕ ಮದುವೆಗೆ’ ಎಂಬ ನಿಮ್ಮ ಮನೆಯವರ ಮಾತಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿಯೇ. ಐನೂರು ಜನ ಸೇರಿದ ಕಡೆ ಛಾಯಾಗ್ರಾಹಕ ಗುಂಪಿನಲ್ಲಿ ಕರಗಿಹೋಗುತ್ತಾನೆ. ಒಂದು ಗಳಿಗೆ ತಪ್ಪಿದರೆ ಇನ್ನೊಂದು ಸಿಗುತ್ತದೆ. ಅವನ ಮುಖ ಯಾರಿಗೂ ನೆನಪಿರುವುದಿಲ್ಲ. ನಲವತ್ತು ಜನರ ಕೋಣೆಯಲ್ಲಿ ಮರೆಯಾಗಲು ಜಾಗವಿಲ್ಲ. ಎಲ್ಲಿ ನಿಂತರೂ ಯಾರಾದರೂ ಒಬ್ಬರ ಕಣ್ಣಿಗೆ ಅಡ್ಡ, ಹೆಜ್ಜೆ ಎತ್ತಿಟ್ಟರೆ ಸದ್ದು. ಹಾಗಾಗಿ ನಿಮ್ಮ ಅತಿಥಿಗಳ ಪಟ್ಟಿಗೆ ಸೇರುವ ನಲವತ್ತೊಂದನೆಯ ಹೆಸರನ್ನು ಆರಿಸುತ್ತಿದ್ದೇವೆ ಎಂದುಕೊಳ್ಳಿ. ಆ ವ್ಯಕ್ತಿ ಕೋಣೆಯೊಳಗೆ ಹೇಗಿರುತ್ತಾರೆ ಎಂಬುದು ಚಿತ್ರ ಹೇಗೆ ತೆಗೆಯುತ್ತಾರೆ ಎಂಬುದರಷ್ಟೇ ಮುಖ್ಯ.

ನಾನು ಈ ಕೆಲಸ ಕಲಿತದ್ದು ಫಿಲ್ಮ್ ರೋಲಿನ ಕಾಲದಲ್ಲಿ. ಚೌಕಾಕಾರದ ಚಿತ್ರ ಕೊಡುವ 6×6 ಕ್ಯಾಮೆರಾಕ್ಕೆ ಒಂದು ರೋಲ್ ಹಾಕಿದರೆ ಸಿಗುತ್ತಿದ್ದದ್ದು 12 ಚಿತ್ರ. ಹನ್ನೆರಡು ಮುಗಿದ ಮೇಲೆ ಮೂಲೆಗೆ ಹೋಗಿ ರೋಲ್ ಬದಲಿಸಬೇಕು. ಆ ಅರ್ಧ ನಿಮಿಷದಲ್ಲಿ ಏನು ನಡೆದರೂ ನಮ್ಮ ಪಾಲಿಗೆ ಇಲ್ಲ. ಕಾಯುವುದನ್ನು ಆ ಕ್ಯಾಮೆರಾ ನಮಗೆ ಕಲಿಸಿತು. ಇಂದಿನ ಕ್ಯಾಮೆರಾಗಳು ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ತೆಗೆಯುತ್ತವೆ, ಆದರೂ ಚಿಕ್ಕ ಮದುವೆಗೆ ಬೇಕಾದದ್ದು ಆ ಹಳೆಯ ಕಾಯುವಿಕೆಯೇ.

ಈಗ ನಿಮ್ಮ ಮೂವರ ವಿಷಯ. ಮೂವರಿಗೂ ಒಂದೇ ಮಾತು ಕೇಳಿ: ‘ನಮ್ಮದರ ಹಾಗೆಯೇ ಸಂಜೆ, ಒಳಗಡೆ, ಕಡಿಮೆ ಜನರ ನಡುವೆ ನಡೆದ ಒಂದು ಮದುವೆಯನ್ನು ಮೊದಲಿನಿಂದ ಕೊನೆಯವರೆಗೆ ತೋರಿಸಿ.’ ಆಯ್ದ 30 ಚಿತ್ರಗಳ ಆಲ್ಬಂ ಬೇಡ. ಹತ್ತು ವರ್ಷದ ಕೆಲಸದಿಂದ 30 ಚಂದದ ಚಿತ್ರ ಹೆಕ್ಕಿ ತೆಗೆಯುವುದು ಯಾರಿಗೂ ಕಷ್ಟವಲ್ಲ. ಒಂದೇ ಮದುವೆಯ 400 ಚಿತ್ರಗಳನ್ನು ಒಟ್ಟಿಗೆ ನೋಡಿದಾಗ ಮಾತ್ರ ಕೈಗುಣ ತಿಳಿಯುತ್ತದೆ. ಆ ಮನೆಯವರ ಒಪ್ಪಿಗೆ ಪಡೆದು ತೋರಿಸಲು ಕೆಲವು ದಿನ ಬೇಕೆಂದರೆ ಕಾಯಿರಿ, ಅದು ಒಳ್ಳೆಯ ಲಕ್ಷಣ. ತೋರಿಸುವುದೇ ಇಲ್ಲ ಎಂದರೆ ಅವರನ್ನು ಬಿಟ್ಟುಬಿಡಿ.

ಆ 400 ಚಿತ್ರಗಳಲ್ಲಿ ಏನು ನೋಡಬೇಕು? ಹೆಣ್ಣು ಗಂಡಿನ ಚಿತ್ರಗಳನ್ನು ಪಕ್ಕಕ್ಕಿಡಿ. ಅವು ಹೇಗೂ ಚೆನ್ನಾಗಿರುತ್ತವೆ. ಎರಡನೆಯ ಸಾಲಿನಲ್ಲಿ ಕುಳಿತವರನ್ನು ನೋಡಿ. ನನ್ನ ಬಳಿ ಕಲಿತ ಹುಡುಗಿಯೊಬ್ಬಳು ತೆಗೆದ ಒಂದು ಚಿತ್ರ ನನಗೆ ಯಾವಾಗಲೂ ನೆನಪಾಗುತ್ತದೆ. ಅದರಲ್ಲಿ ಮದುವಣಗಿತ್ತಿಯ ಬೆನ್ನಷ್ಟೇ ಕಾಣುತ್ತದೆ, ಅದೂ ಮಸುಕಾಗಿ. ಸ್ಪಷ್ಟವಾಗಿರುವುದು ಅವಳ ಅಜ್ಜನ ಕೈ. ಅಂಗಿಯ ತೋಳಿನ ಗುಂಡಿ ಹಾಕಿಕೊಳ್ಳಲು ಬೆರಳು ಸಹಕರಿಸುತ್ತಿಲ್ಲ. ಪಕ್ಕದಲ್ಲಿ ಕುಳಿತ ಏಳೆಂಟು ವರ್ಷದ ಹುಡುಗ ಬಾಗಿ, ನಾಲಗೆಯ ತುದಿ ಹೊರಗೆ ಚಾಚಿಕೊಂಡು, ಆ ಗುಂಡಿ ಹಾಕುತ್ತಿದ್ದಾನೆ. ಕೋಣೆಯಲ್ಲಿ ಉಳಿದವರೆಲ್ಲ ವಧೂವರರತ್ತ ನೋಡುತ್ತಿದ್ದಾಗ ಅವಳು ಇತ್ತ ನೋಡಿದ್ದಳು. ಇಂಥ ನಾಲ್ಕು ಚಿತ್ರಗಳಾದರೂ ಆ ನಾನೂರರಲ್ಲಿ ಇವೆಯೇ ಎಂದು ಹುಡುಕಿ. ಇದ್ದರೆ ಆ ವ್ಯಕ್ತಿಗೆ ಮನುಷ್ಯರ ಮೇಲೆ ಪ್ರೀತಿ ಇದೆ. ಒಂದೂ ಇಲ್ಲವೆಂದರೆ ಅವರ ಕಣ್ಣು ಬಟ್ಟೆ ಮತ್ತು ಅಲಂಕಾರದ ಮೇಲಿದೆ.

ಇನ್ನೊಂದು, ಚರ್ಮದ ಬಣ್ಣ. ಒಂದೇ ಮನುಷ್ಯನ ಮುಖ ಮಧ್ಯಾಹ್ನದ ಚಿತ್ರದಲ್ಲಿಯೂ ರಾತ್ರಿಯ ಚಿತ್ರದಲ್ಲಿಯೂ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿದ್ದರೆ ಕೆಲಸ ಬಲ್ಲವರೆಂದು ನಂಬಬಹುದು. ಎಲ್ಲರನ್ನೂ ಬೆಳ್ಳಗೆ ಮಾಡುವವರಿಂದ, ಮುಖದ ಗೆರೆಗಳನ್ನೆಲ್ಲ ಅಳಿಸಿ ಮೇಣದ ಗೊಂಬೆ ಮಾಡುವವರಿಂದ ದೂರವಿರಿ. ಈಗ ಓಡುತ್ತಿರುವ ಬಣ್ಣದ ಫ್ಯಾಷನ್ ಹತ್ತು ವರ್ಷಕ್ಕೆ ಹಳತಾಗುತ್ತದೆ. ನಿಮ್ಮ ತಾಯಿಯ ಮುಖ ಇದ್ದ ಹಾಗೆ ಇದ್ದರೆ ಅದು ಹಳತಾಗುವುದಿಲ್ಲ.

ನಿಮ್ಮ ಮೊದಲನೆಯ ಛಾಯಾಗ್ರಾಹಕರ ಬಗ್ಗೆ ನನಗಿರುವ ಅನುಮಾನ ಇದೇ. ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆಯ ಬೆಳಕು ಓರೆಯಾಗಿ, ಮೆತ್ತಗೆ, ಹೊಂಬಣ್ಣದಲ್ಲಿ ಬೀಳುತ್ತದೆ. ಆ ಬೆಳಕಿನಲ್ಲಿ ಅರ್ಧ ಕೆಲಸವನ್ನು ಸೂರ್ಯನೇ ಮಾಡಿಕೊಡುತ್ತಾನೆ. ನಿಮ್ಮ ಮದುವೆ ನಡೆಯುವುದು ಬಲ್ಬಿನ ಬೆಳಕಿನಲ್ಲಿ. ಅಲ್ಲಿ ಅವರು ತೆಗೆದದ್ದನ್ನು ನೋಡದೆ ಒಪ್ಪಬೇಡಿ. ಎರಡನೆಯ ಸ್ಟುಡಿಯೊ ದೊಡ್ಡ ಮದುವೆಗೆ ಸರಿಯಾದ ಆಯ್ಕೆ ಇರಬಹುದು. ನಲವತ್ತು ಜನರ ನಡುವೆ ಇಬ್ಬರು ಛಾಯಾಗ್ರಾಹಕರು, ಅವರ ಸಹಾಯಕರು, ದೀಪ ಹಿಡಿದವರು ನಿಂತರೆ ಹತ್ತು ಜನ ಅತಿಥಿಗಳಿಗೆ ಒಬ್ಬ ಕೆಲಸದವರಾಗುತ್ತಾರೆ. ಡ್ರೋನ್ ಒಳಗಡೆ ನಡೆಯುವ ಮದುವೆಗೆ ಏನೂ ಮಾಡದು. ಹನ್ನೆರಡು ಗಂಟೆಯೂ ನಿಮಗೆ ಬೇಡ. ಸಿದ್ಧತೆಯ ಕೊನೆಯ ಒಂದು ಗಂಟೆಯಿಂದ ಊಟದ ನಂತರದ ಹರಟೆಯವರೆಗೆ ಐದಾರು ಗಂಟೆ ಧಾರಾಳವಾಗಿ ಸಾಕು. ನಾನು ಇಂಥ ಮದುವೆಯಲ್ಲಿ 1,500ರಷ್ಟು ಚಿತ್ರ ತೆಗೆದು, ಅದರಲ್ಲಿ 350ರಿಂದ 400 ಆರಿಸಿ ಕೊಡುತ್ತಿದ್ದೆ. ಉಳಿದದ್ದನ್ನೂ ಕೊಡಿ ಎಂದು ಕೇಳಿದವರಿಗೆ ಇಲ್ಲ ಎನ್ನುತ್ತಿದ್ದೆ, ಈಗಲೂ ಅದು ಸರಿ ಎಂದೇ ನಂಬುತ್ತೇನೆ. ಆರಿಸುವುದೂ ಈ ಕೆಲಸದ ಭಾಗ.

ನನ್ನ ಒಲವು ಮೂರನೆಯವರ ಕಡೆಗಿದೆ. ಮಾತು ಕಡಿಮೆ ಎಂದಿರಿ. ಅದು ಈ ಕೆಲಸಕ್ಕೆ ಗುಣವೇ. ಆದರೆ ಒಬ್ಬರೇ ಕೆಲಸ ಮಾಡುವವರಿಗೆ ಆ ದಿನ ಜ್ವರ ಬಂದರೆ ಏನು ಗತಿ ಎಂದು ನೇರವಾಗಿ ಕೇಳಬೇಕು. ಬದಲಿಗೆ ಬರುವವರು ಯಾರೆಂದು ಹೆಸರು ಹೇಳಲು ಬರಬೇಕು, ಅವರ ಚಿತ್ರಗಳನ್ನೂ ತೋರಿಸಬೇಕು. ಎರಡು ಕ್ಯಾಮೆರಾ ತರುತ್ತಾರೆಯೇ, ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡ್ ಹಾಕಿ ಎರಡರಲ್ಲೂ ಏಕಕಾಲಕ್ಕೆ ದಾಖಲಿಸುತ್ತಾರೆಯೇ, ಇದನ್ನೂ ಕೇಳಿ. ಕಾರ್ಡ್ ಕೆಡುವುದು ಅಪರೂಪ. ಕೆಟ್ಟಾಗ ಮದುವೆಯನ್ನು ಮತ್ತೆ ನಡೆಸಲು ಬರುವುದಿಲ್ಲ. ಮನೆಗೆ ಹೋದ ಮೇಲೆ ಚಿತ್ರಗಳನ್ನು ಹೇಗೆ ಕಾಪಾಡುತ್ತಾರೆ? ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕ ಜನಪ್ರಿಯಗೊಳಿಸಿದ 3-2-1 ಎಂಬ ನಿಯಮವನ್ನು ಈ ವೃತ್ತಿಯವರು ಪಾಲಿಸುತ್ತಾರೆ: ಮೂರು ಪ್ರತಿ, ಎರಡು ಬಗೆಯ ಸಾಧನಗಳಲ್ಲಿ, ಒಂದು ಪ್ರತಿ ಬೇರೆಯೇ ಜಾಗದಲ್ಲಿ. ಈ ಪ್ರಶ್ನೆಗೆ ತಡವರಿಸದೆ ಉತ್ತರ ಬಂದರೆ ನಿಶ್ಚಿಂತೆ.

ಚಿಕ್ಕಪ್ಪನ ಮಗನಿಗೆ ಬೇಡ ಎನ್ನಿ, ಪ್ರೀತಿಯಿಂದಲೇ ಎನ್ನಿ. ಅವನ ಕ್ಯಾಮೆರಾ ಒಳ್ಳೆಯದೇ ಇರಬಹುದು. ಆದರೆ ಅವನು ಆ ನಲವತ್ತರಲ್ಲಿ ಒಬ್ಬ. ಕೆಲಸಕ್ಕೆ ನಿಲ್ಲಿಸಿದರೆ ಒಬ್ಬ ಅತಿಥಿ ಕಡಿಮೆಯಾದ ಹಾಗೆ, ಅವನೂ ಯಾವ ಚಿತ್ರದಲ್ಲೂ ಇರುವುದಿಲ್ಲ. ಚಿತ್ರ ಚೆನ್ನಾಗಿ ಬರದಿದ್ದರೆ ನೀವು ಅವನಿಗೆ ಹೇಳುವ ಹಾಗೂ ಇಲ್ಲ, ಮರೆಯುವ ಹಾಗೂ ಇಲ್ಲ. ಹಣ ಕಡಿಮೆ ಇದೆಯೆಂದಾದರೆ ಒಳ್ಳೆಯ ಛಾಯಾಗ್ರಾಹಕರನ್ನು ಮೂರೇ ಗಂಟೆಗೆ ಕರೆಸಿ, ಆಲ್ಬಂ ಬಿಟ್ಟುಬಿಡಿ. ಆಲ್ಬಂ ಐದು ವರ್ಷ ಬಿಟ್ಟು ಮಾಡಿಸಿದರೂ ಆಗುತ್ತದೆ.

ಬೆಳಕಿನ ವಿಚಾರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ. ಇದರಲ್ಲಿ ಛಾಯಾಗ್ರಾಹಕರಿಗಿಂತ ನಿಮ್ಮ ಕೈಯಲ್ಲೇ ಹೆಚ್ಚಿದೆ. ಮದುವೆಗೆ ಒಂದೆರಡು ವಾರ ಮುಂಚೆ, ಮದುವೆ ನಡೆಯುವ ಹೊತ್ತಿಗೇ ಆ ಜಾಗಕ್ಕೆ ಹೋಗಿ. ನಿಮ್ಮವರನ್ನು ನೀವಿಬ್ಬರೂ ನಿಲ್ಲಲಿರುವ ಜಾಗದಲ್ಲಿ ನಿಲ್ಲಿಸಿ ಮುಖ ನೋಡಿ. ಕಣ್ಣಿನ ಕೆಳಗೆ ಕಪ್ಪು ನೆರಳು ಬಿದ್ದಿದ್ದರೆ ದೀಪ ನೆತ್ತಿಯ ಮೇಲಿದೆ ಎಂದರ್ಥ. ಎರಡು ಹೆಜ್ಜೆ ಹಿಂದೆ ಸರಿಸಿದರೆ ಅದೇ ದೀಪ ಮುಖದ ಮುಂದೆ ಬರುತ್ತದೆ. ಕಿಟಕಿಯ ಬೆಳಕು ಇನ್ನೂ ಇರುವಾಗ ಒಳಗಿನ ಹಳದಿ ಬಲ್ಬುಗಳನ್ನು ಹಚ್ಚಬೇಡಿ. ಬೆಳಕಿನ ಬಣ್ಣವನ್ನು ಕೆಲ್ವಿನ್ ಎಂಬ ಮಾನದಲ್ಲಿ ಅಳೆಯುತ್ತಾರೆ, ಅಂಕಿ ಏರಿದಷ್ಟೂ ನೀಲಿ, ಇಳಿದಷ್ಟೂ ಹಳದಿ. ಹಗಲ ಬೆಳಕಿನ ಬಣ್ಣ ಸುಮಾರು 5,500 ಕೆಲ್ವಿನ್, ಹಳದಿ ಬಲ್ಬಿನದು 3,000ದ ಆಸುಪಾಸು. ಎರಡೂ ಒಟ್ಟಿಗೆ ಬಿದ್ದರೆ ಅರ್ಧ ಮುಖ ನೀಲಿ, ಅರ್ಧ ಮುಖ ಕಿತ್ತಳೆ. ನಮ್ಮ ಕಣ್ಣು ಅದನ್ನು ಸರಿಮಾಡಿಕೊಂಡು ನೋಡುತ್ತದೆ, ಕ್ಯಾಮೆರಾಕ್ಕೆ ಆ ಶಕ್ತಿ ಇಲ್ಲ. ಕತ್ತಲಾದ ಮೇಲೆ ಎಲ್ಲ ಬಲ್ಬುಗಳೂ ಒಂದೇ ಬಣ್ಣದವಾಗಿರಲಿ. ಅಲಂಕಾರದವರು ನೇರಳೆ, ನೀಲಿ ದೀಪ ಹಾಕುತ್ತೇವೆಂದರೆ ಗೋಡೆಗೆ ಹಾಕಲಿ, ನಿಮ್ಮ ಮುಖದ ಮೇಲೆ ಮಾತ್ರ ಬೇಡ. ನೇರಳೆ ಬೆಳಕಿನಲ್ಲಿ ತೆಗೆದ ಮುಖಕ್ಕೆ ಅದರ ಬಣ್ಣವನ್ನು ಮರಳಿ ಕೊಡಲು ಯಾವ ತಂತ್ರಾಂಶಕ್ಕೂ ಸರಿಯಾಗಿ ಆಗುವುದಿಲ್ಲ.

ಎಲ್‌ಇಡಿ ದೀಪಗಳ ಬಗ್ಗೆ ಒಂದು ಎಚ್ಚರಿಕೆ. ಅಗ್ಗದ ಎಲ್‌ಇಡಿಗಳು ಕಣ್ಣಿಗೆ ಸ್ಥಿರವಾಗಿ ಕಂಡರೂ ಸೆಕೆಂಡಿಗೆ 100 ಸಲ ಮಿನುಗುತ್ತಿರಬಹುದು (50 ಹರ್ಟ್ಸ್ ವಿದ್ಯುತ್ ಇರುವ ಕಡೆ, 60 ಹರ್ಟ್ಸ್ ಇರುವಲ್ಲಿ 120 ಸಲ). ಇಂದಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸದ್ದೇ ಇಲ್ಲದ ಎಲೆಕ್ಟ್ರಾನಿಕ್ ಶಟರ್ (ಚಿತ್ರಕ್ಕೆ ಎಷ್ಟು ಹೊತ್ತು ಬೆಳಕು ಬೀಳಬೇಕೆಂದು ನಿಯಂತ್ರಿಸುವ ವ್ಯವಸ್ಥೆ) ಇದೆ, ಚಿಕ್ಕ ಕೋಣೆಗೆ ಅದು ವರದಾನ. ಆದರೆ ಹೆಚ್ಚಿನ ಕ್ಯಾಮೆರಾಗಳಲ್ಲಿ ಅದು ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಓದುವ ಹೊತ್ತಿನಲ್ಲಿ ದೀಪ ಮಿನುಗಿದರೆ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಬೀಳುತ್ತವೆ. ನಿಮ್ಮ ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ಹಾಕಿ ಆ ದೀಪಗಳತ್ತ ಹಿಡಿಯಿರಿ. ಮಿನುಗುವ ದೀಪ ಅಲ್ಲೇ ಸಿಕ್ಕಿಬೀಳುತ್ತದೆ. ಅಂಥ ದೀಪವನ್ನು ಬದಲಿಸಿ, ಇಲ್ಲವೇ ಆ ವಿಡಿಯೊವನ್ನು ಛಾಯಾಗ್ರಾಹಕರಿಗೆ ಕಳುಹಿಸಿ. ಅವರು ಶಟರ್ ವೇಗ ಹೊಂದಿಸಿಕೊಳ್ಳುತ್ತಾರೆ. ಗೋಡೆಯ ಬಣ್ಣವನ್ನೂ ಅವರಿಗೆ ತಿಳಿಸಿ. ಬಿಳಿ ಛಾವಣಿಗೆ ಫ್ಲ್ಯಾಷ್ ತಿರುಗಿಸಿದರೆ ಕಿಟಕಿಯಷ್ಟೇ ಮೆತ್ತನೆಯ ಬೆಳಕು ಸಿಗುತ್ತದೆ. ಹಸಿರು ಗೋಡೆಗೆ ತಿರುಗಿಸಿದರೆ ಎಲ್ಲರ ಕೆನ್ನೆಯೂ ಹಸಿರು.

ಸಿದ್ಧವಾಗುವ ಕೋಣೆ ಯಾವುದು ಎಂದು ಆರಿಸುವಾಗ ದೊಡ್ಡ ಕನ್ನಡಿ ಇರುವುದಕ್ಕಿಂತ ದೊಡ್ಡ ಕಿಟಕಿ ಇರುವುದನ್ನು ಆರಿಸಿ. ಪಡುವಣ ಕಿಟಕಿಯಾದರೆ ಸಂಜೆ ಬಿಸಿಲು ನೇರ ಬೀಳುತ್ತದೆ, ತೆಳುವಾದ ಬಿಳಿ ಪರದೆ ಕಟ್ಟಿ. ಚೀಲ, ಪೆಟ್ಟಿಗೆ, ಪ್ಲಾಸ್ಟಿಕ್ ಕವರುಗಳನ್ನೆಲ್ಲ ಒಂದೇ ಮೂಲೆಗೆ ಸೇರಿಸಲು ಯಾರಿಗಾದರೂ ಹೇಳಿ. ಇಷ್ಟು ಮಾಡಿದರೆ ಆ ಕೋಣೆಯ ಚಿತ್ರಗಳು ತಾವಾಗಿಯೇ ಚೆನ್ನಾಗಿ ಬರುತ್ತವೆ.

ದಿನದ ಹೊಂದಾಣಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಗುಂಪು ಚಿತ್ರಗಳ ಸಮಯ, ಅದರಲ್ಲೂ ಹಿರಿಯರದು. ಇದನ್ನು ನಾನು ನೋವಿನಿಂದ ಕಲಿತೆ. ಮೂವತ್ತು ಜನರ ಒಂದು ಮದುವೆ. ಗುಂಪು ಚಿತ್ರಗಳನ್ನು ಊಟದ ನಂತರ ತೆಗೆಯೋಣ ಎಂದು ನಾನೇ ಸೂಚಿಸಿದ್ದೆ. ಎಲ್ಲರೂ ಸಾಲಾಗಿ ನಿಂತ ಮೇಲೆ ಮದುಮಗ ಸುತ್ತ ನೋಡಿ ‘ಅಜ್ಜಿ ಎಲ್ಲಿ?’ ಎಂದ. ಅಜ್ಜಿಗೆ ಸುಸ್ತಾಗಿ, ಯಾರಿಗೂ ತೊಂದರೆ ಕೊಡಬಾರದೆಂದು, ಮಗಳ ಜೊತೆ ಮನೆಗೆ ಹೋಗಿಬಿಟ್ಟಿದ್ದರು. ಅಜ್ಜಿ, ಮೊಮ್ಮಗ ಜೊತೆಗಿರುವ ಚಿತ್ರ ಆ ಮದುವೆಯಲ್ಲಿ ಒಂದೂ ಇಲ್ಲ. ಅಂದಿನಿಂದ ನಾನು ಹಿರಿಯರ ಚಿತ್ರವನ್ನು ಮೊದಲು ತೆಗೆಯುತ್ತೇನೆ, ಅವರು ಬಂದು ಕುಳಿತ ಹತ್ತು ನಿಮಿಷದೊಳಗೆ, ಅವರು ಕುಳಿತಲ್ಲಿಯೇ. ವಧೂವರರು ಅವರ ಬಳಿಗೆ ಬರುತ್ತಾರೆ.

ಬೇಕಾದ ಗುಂಪುಗಳ ಪಟ್ಟಿಯನ್ನು ಹೆಸರು ಸಮೇತ ಬರೆದುಕೊಡಿ, ಹತ್ತನ್ನು ಮೀರದಿರಲಿ. ಒಂದು ಗುಂಪಿಗೆ ಮೂರು ನಿಮಿಷವೆಂದರೂ ಹತ್ತು ಗುಂಪಿಗೆ ಅರ್ಧ ಗಂಟೆ ಹೋಗುತ್ತದೆ. ಹೆಸರು ಕೂಗಿ ಜನರನ್ನು ಸೇರಿಸಲು ಎರಡೂ ಕಡೆಯವರ ಮುಖ ಬಲ್ಲ ಒಬ್ಬರು ಬೇಕು. ಛಾಯಾಗ್ರಾಹಕರಿಗೆ ನಿಮ್ಮ ಸೋದರತ್ತೆ ಯಾರೆಂದು ಗೊತ್ತಿರುವುದಿಲ್ಲ.

ಚಿಕ್ಕ ಮದುವೆಗೆ ಮಾತ್ರ ದಕ್ಕುವ ಭಾಗ್ಯವೊಂದಿದೆ, ಬಂದವರೆಲ್ಲರೂ ಒಂದೇ ಚಿತ್ರದಲ್ಲಿರುವುದು. ಇದನ್ನು ಖಂಡಿತ ತೆಗೆಸಿ. ಸೂರ್ಯಾಸ್ತಕ್ಕೆ ಮುಂಚೆ, ಹೊರಗೆ, ನೆರಳಿರುವ ಕಡೆ ನಿಲ್ಲಿಸಿ; ಛಾಯಾಗ್ರಾಹಕರು ಮೆಟ್ಟಿಲ ಮೇಲೋ ಏಣಿಯ ಮೇಲೋ ನಿಂತು ಕೆಳಗೆ ನೋಡಿ ತೆಗೆದರೆ ಹಿಂದಿನ ಸಾಲಿನವರ ಮುಖವೂ ಕಾಣುತ್ತದೆ. ಕಷ್ಟವಿರುವುದು ಕಣ್ಣು ಮಿಟುಕುವುದರಲ್ಲಿ. ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಎಂಬಿಬ್ಬರು ಇದನ್ನೇ ಲೆಕ್ಕ ಹಾಕಿ 2006ರಲ್ಲಿ ಗಣಿತದ ಇಗ್ ನೊಬೆಲ್ ಪ್ರಶಸ್ತಿ (ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ) ಪಡೆದರು. ಗುಂಪು ಇಪ್ಪತ್ತಕ್ಕಿಂತ ಚಿಕ್ಕದಾಗಿದ್ದರೆ, ಒಳ್ಳೆಯ ಬೆಳಕಿನಲ್ಲಿ ಜನರ ಸಂಖ್ಯೆಯನ್ನು ಮೂರರಿಂದ, ಕಡಿಮೆ ಬೆಳಕಿನಲ್ಲಿ ಎರಡರಿಂದ ಭಾಗಿಸಿ. ಅಷ್ಟು ಚಿತ್ರ ತೆಗೆದರೆ ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರುತ್ತದೆ ಎಂಬುದು ಅವರ ಸೂತ್ರ. ಹನ್ನೆರಡು ಜನಕ್ಕೆ ನಾಲ್ಕು, ಬೆಳಕು ಕಡಿಮೆಯಾದರೆ ಆರು. ಐವತ್ತರ ಹತ್ತಿರ ಹೋದರೆ ಆಸೆ ಬಿಡಬೇಕಂತೆ. ನಿಮ್ಮ ನಲವತ್ತಕ್ಕೆ ಇಪ್ಪತ್ತಾದರೂ ತೆಗೆಯಲು ಹೇಳಿ, ಒಂದೆರಡು ಮುಚ್ಚಿದ ಕಣ್ಣುಗಳನ್ನು ಪಕ್ಕದ ಚಿತ್ರದಿಂದ ತಂದು ಕೂಡಿಸಬಹುದು. ಇಂಥ ತಿದ್ದುಪಡಿಗೆ ನನ್ನ ಆಕ್ಷೇಪವಿಲ್ಲ. ಸೊಂಟ ಸಣ್ಣ ಮಾಡುವ ತಿದ್ದುಪಡಿಗೆ ಇದೆ.

ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬ ಸಂಕಟ ನಿಮಗೆ ಇದ್ದೇ ಇರುತ್ತದೆ. ನಾನು ನೋಡಿದ ನೆಮ್ಮದಿಯ ಚಿಕ್ಕ ಮದುವೆಗಳಲ್ಲೆಲ್ಲ ಎರಡೂ ಕಡೆಗೆ ಒಂದೇ ಅಳತೆಗೋಲಿತ್ತು, ಅದನ್ನು ಮೊದಲೇ ಎಲ್ಲರಿಗೂ ಹೇಳಿಬಿಟ್ಟಿದ್ದರು. ಒಂದು ಕಡೆ ಗೆರೆ ಸಡಿಲಿಸಿದರೆ ನಲವತ್ತು ತೊಂಬತ್ತಾಗಲು ಒಂದು ವಾರ ಸಾಕು. ಸಮಯದ ಪಟ್ಟಿಯಲ್ಲಿ ಪ್ರತಿ ಎರಡು ಕಾರ್ಯಗಳ ನಡುವೆ 15 ನಿಮಿಷ ಖಾಲಿ ಬಿಡಿ. ಆ ಖಾಲಿ ಹೊತ್ತಿನಲ್ಲಿಯೇ ಜನ ಮಾತಾಡುತ್ತಾರೆ, ಅಳುತ್ತಾರೆ, ಮಕ್ಕಳು ಮೇಜಿನ ಕೆಳಗೆ ಸೇರುತ್ತಾರೆ. ಒಳ್ಳೆಯ ಚಿತ್ರಗಳು ಅಲ್ಲಿಂದಲೇ ಬರುತ್ತವೆ. ಗಡಿಯಾರ ನೋಡುವ ಕೆಲಸ ನಿಮಗೂ ಬೇಡ, ನಿಮ್ಮ ತಂದೆತಾಯಿಗೂ ಬೇಡ. ಒಬ್ಬ ಗೆಳತಿಗೆ ವಹಿಸಿ. ಮುಖ್ಯ ವಿಧಿಯ ಹತ್ತು ನಿಮಿಷ ಎಲ್ಲರೂ ಮೊಬೈಲ್ ಒಳಗಿಡಲಿ ಎಂದು ಆ ಗೆಳತಿಯೇ ಕೇಳಿಕೊಳ್ಳಲಿ. ನಲವತ್ತು ಜನರಲ್ಲಿ ಇಪ್ಪತ್ತು ಮಂದಿ ಫೋನ್ ಎತ್ತಿ ಹಿಡಿದರೆ ನಿಮ್ಮ ತಾಯಿಯ ಮುಖದ ಜಾಗದಲ್ಲಿ ಒಂದು ಫೋನಿನ ಬೆನ್ನು ಇರುತ್ತದೆ.

ಕರಾರು ಪತ್ರ ಚಿಕ್ಕದಾದರೂ ಇರಲೇಬೇಕು. ಬರುವ ವ್ಯಕ್ತಿಯ ಹೆಸರು, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಹೊತ್ತು ಮೀರಿದರೆ ಎಷ್ಟು, ಕನಿಷ್ಠ ಎಷ್ಟು ಚಿತ್ರ, ಯಾವ ದಿನಾಂಕದೊಳಗೆ, ರದ್ದಾದರೆ ಮುಂಗಡದ ಗತಿ ಏನು, ಚಿತ್ರಗಳನ್ನು ಎಷ್ಟು ಕಾಲ ಇಟ್ಟುಕೊಂಡಿರುತ್ತಾರೆ. ಹಕ್ಕು ಯಾರದು ಎಂಬುದನ್ನೂ, ಸಾಮಾಜಿಕ ಜಾಲತಾಣದಲ್ಲಿ ಹಾಕುವ ಮೊದಲು ನಿಮ್ಮನ್ನು ಕೇಳಬೇಕೆಂಬುದನ್ನೂ ಬರೆಸಿ. ಚಿಕ್ಕ ಮದುವೆ ಮಾಡುವವರಿಗೆ ಅದು ತಮ್ಮವರ ನಡುವೆಯೇ ಉಳಿಯಲಿ ಎಂಬ ಆಸೆ ಇರುತ್ತದೆ. ಚಿತ್ರಗಳು ಪೂರ್ಣ ಅಳತೆಯಲ್ಲಿ ಕೈಗೆ ಬರಬೇಕು. 12×18 ಇಂಚಿನ ಮುದ್ರಣಕ್ಕೆ ಇಂಚಿಗೆ 300 ಬಿಂದುಗಳ ಲೆಕ್ಕದಲ್ಲಿ ಸುಮಾರು 2 ಕೋಟಿ ಬಿಂದುಗಳು (ಪಿಕ್ಸೆಲ್) ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದ ಚಿತ್ರ ಕುಗ್ಗಿಹೋಗಿರುತ್ತದೆ, ಅದನ್ನು ಗೋಡೆಗೆ ಹಾಕಿಸಲು ಆಗುವುದಿಲ್ಲ.

ವಿಡಿಯೊ ಬೇಕೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರಡಕ್ಕೂ ಹಣವಿಲ್ಲದಿದ್ದರೆ ಚಿತ್ರಗಳನ್ನೇ ಆರಿಸಿ. ಅದರ ಜೊತೆಗೆ ಒಂದು ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಧ್ವನಿ ದಾಖಲೆ ಶುರು ಮಾಡಿ, ಮಾತಾಡುವವರ ಎದುರಿನ ಮೇಜಿನ ಮೇಲೆ ಇಡಿ. ಹಿರಿಯರು ನಿಮ್ಮ ಬಗ್ಗೆ ಆಡುವ ನಾಲ್ಕು ಮಾತು, ನಡುವೆ ಅವರು ತಡೆದು ನಿಲ್ಲುವುದು, ಹಿಂದಿನಿಂದ ಕೇಳುವ ನಗು, ಇವನ್ನು ಚಿತ್ರ ಹಿಡಿಯಲಾರದು.

ಕೊನೆಗೆ ನಿಮ್ಮಿಬ್ಬರ ಸಂಕೋಚ. ಕ್ಯಾಮೆರಾ ಮುಂದೆ ಸಲೀಸಾಗಿ ನಿಲ್ಲುವವರು ಬಹಳ ಕಡಿಮೆ, ನನಗೆ ಸಿಕ್ಕವರಲ್ಲಿ ಹತ್ತಕ್ಕೆ ಒಬ್ಬರಿದ್ದರೆ ಹೆಚ್ಚು. ‘ನಗಿ’ ಎನ್ನುವ ಛಾಯಾಗ್ರಾಹಕರು ಆ ಸಂಕೋಚವನ್ನು ಇಮ್ಮಡಿ ಮಾಡುತ್ತಾರೆ. ಬಲ್ಲವರು ಕೈಗೆ ಏನಾದರೂ ಕೆಲಸ ಕೊಡುತ್ತಾರೆ, ಇಬ್ಬರನ್ನೂ ನಡೆಯಲು ಬಿಡುತ್ತಾರೆ, ತಾವು ದೂರ ಸರಿಯುತ್ತಾರೆ. ಆದ್ದರಿಂದ ಮುಂಗಡ ಕೊಡುವ ಮೊದಲು ಮೂರನೆಯವರನ್ನು ಮದುವೆಯ ಜಾಗಕ್ಕೆ, ಮದುವೆಯ ಹೊತ್ತಿಗೆ, ಅರ್ಧ ಗಂಟೆ ಬರಲು ಕೇಳಿಕೊಳ್ಳಿ. ಆ ಸಮಯಕ್ಕೆ ಹಣ ಕೇಳಿದರೆ ಕೊಡಿ. ಕಿಟಕಿಯ ಬಳಿ ಒಂದಷ್ಟು, ಬಲ್ಬಿನ ಕೆಳಗೆ ಒಂದಷ್ಟು ಚಿತ್ರ ತೆಗೆಯಲಿ. ಮರುದಿನ ಆ ಚಿತ್ರಗಳನ್ನು ಇಬ್ಬರೂ ಕುಳಿತು ನೋಡಿ. ಅವರು ಕ್ಯಾಮೆರಾ ಎತ್ತಿದ್ದು ಯಾವಾಗ ಎಂದು ನಿಮಗೆ ನೆನಪೇ ಆಗದ ಒಂದು ಚಿತ್ರ ಅದರಲ್ಲಿದ್ದರೆ, ಅಂದೇ ಮುಂಗಡ ಕೊಟ್ಟುಬಿಡಿ.